ನೂರು ಕಣ್ಣುಗಳ ಮುಂದೆ

ಚಲನಚಿತ್ರ ತೆಗೆಯಹೊರಟ ಹವ್ಯಾಸಿಯ ಮೊದಲ ಶತ್ರು ಬಿಸಿಲೂ ಅಲ್ಲ, ಹಣದ ಅಭಾವವೂ ಅಲ್ಲ. ಸುತ್ತ ನೆರೆದವರ ನೋಟ. ಮನೆಯಂಗಳದಲ್ಲಿ ಮಕ್ಕಳ ಆಟವನ್ನು ಸರಾಗವಾಗಿ ಸೆರೆಹಿಡಿದವನು ಕೂಡ ಪೇಟೆಯ ಬೀದಿಯಲ್ಲಿ ಕ್ಯಾಮೆರಾವನ್ನು ಕಣ್ಣಿಗೇರಿಸುವ ಹೊತ್ತಿಗೆ ಬೆವರುತ್ತಾನೆ. ಎಲ್ಲರೂ ತನ್ನನ್ನೇ ನೋಡುತ್ತಿರುವರೆಂಬ ಭಾವನೆ ಬಂದೊಡನೆ ಕೈ ನಡುಗುತ್ತದೆ, ಚಿತ್ರವೂ ನಡುಗುತ್ತದೆ.

ಈ ಸಂಕೋಚಕ್ಕೆ ಮದ್ದೇನು? ‘ಪಥೇರ್ ಪಾಂಚಾಲಿ’ಯ ಚಿತ್ರೀಕರಣದ ಮೊದಲ ದಿನವೇ ಇದಕ್ಕೊಂದು ಉತ್ತರ ದೊರೆಯಿತು. 1952ರ ಅಕ್ಟೋಬರ್ 27ರಂದು ಬಂಗಾಳದ ಪಾಲ್ಸಿಟ್ ಬಳಿಯ ಬಯಲಿಗೆ ಬಂದ ಸತ್ಯಜಿತ್ ರಾಯ್ ಆಗ ಕಲ್ಕತ್ತೆಯ ಜಾಹೀರಾತು ಸಂಸ್ಥೆಯೊಂದರಲ್ಲಿ ಉದ್ಯೋಗಿ. ಅವರು ಹಿಂದೆಂದೂ ಚಿತ್ರವನ್ನು ನಿರ್ದೇಶಿಸಿದವರಲ್ಲ. ಛಾಯಾಗ್ರಾಹಕ ಸುಬ್ರತ ಮಿತ್ರರು ಚಲನಚಿತ್ರದ ಕ್ಯಾಮೆರಾ ನಡೆಸಿದವರಲ್ಲ.

ಬಾಲಕ ಅಪು ಬೆಳ್ಳನೆಯ ಕಾಶದ ಹೂಗಳ ನಡುವೆ ಅಕ್ಕನನ್ನು ಹುಡುಕುತ್ತ ನಡೆಯಬೇಕು, ಅಷ್ಟೇ ದೃಶ್ಯ. ಆದರೆ ಕ್ಯಾಮೆರಾ ತನ್ನತ್ತ ತಿರುಗಿದೆಯೆಂದು ತಿಳಿದ ಹುಡುಗ ಸುಬೀರ್ ಮರದ ಗೊಂಬೆಯಂತೆ ಹೆಜ್ಜೆಯಿಟ್ಟ. ರಾಯ್ ಗದರಿಸಲಿಲ್ಲ. ದಾರಿಯಲ್ಲಿ ಅಲ್ಲಲ್ಲಿ ಕಡ್ಡಿಗಳನ್ನು ಹರಡಿ, ದಾಟಿ ನಡೆಯಲು ಹೇಳಿದರು. ಹುಲ್ಲಿನ ಮರೆಯಲ್ಲಿ ಸಹಾಯಕರನ್ನು ಕೂರಿಸಿ, ಒಬ್ಬರಾದ ಮೇಲೊಬ್ಬರು ಅವನ ಹೆಸರು ಕೂಗುವಂತೆ ಮಾಡಿದರು. ಹುಡುಗ ಕಡ್ಡಿ ದಾಟಿದ, ಕರೆ ಬಂದ ಕಡೆ ಕತ್ತು ತಿರುಗಿಸಿದ. ಕ್ಯಾಮೆರಾ ಮರೆತುಹೋಯಿತು, ನಡಿಗೆ ಸಹಜವಾಯಿತು.

ನಟನಿಗೆ ಒದಗಿದ ಈ ಉಪಾಯ ಚಿತ್ರ ತೆಗೆಯುವವನಿಗೂ ಸಲ್ಲುತ್ತದೆ. ‘ನಾಚಬೇಡ’ ಎಂದು ಮನಸ್ಸಿಗೆ ಎಷ್ಟು ಹೇಳಿದರೂ ಅದು ಕೇಳದು; ಅದಕ್ಕೊಂದು ಕೆಲಸ ಕೊಡಬೇಕು. ಬೆಳಕು ಯಾವ ಕಡೆಯಿಂದ ಬೀಳುತ್ತಿದೆ, ಹೂಮಾರುವವಳ ಕೈ ಮಾಲೆಯನ್ನು ಹೇಗೆ ಸುತ್ತುತ್ತದೆ, ದೃಶ್ಯ ಎಲ್ಲಿ ಮುಗಿಯಬೇಕು—ಇವುಗಳಲ್ಲಿ ಗಮನ ನೆಟ್ಟವನಿಗೆ ತನ್ನನ್ನು ನೋಡಿಕೊಳ್ಳಲು ಬಿಡುವೆಲ್ಲಿ?

ಜನರೂ ಒಗ್ಗಿಕೊಳ್ಳುತ್ತಾರೆ. ಚಿತ್ರದ ಬಹುಭಾಗ ತಯಾರಾದ ಬೋರಾಲ್ ಗ್ರಾಮದಲ್ಲಿ, ಸಿನಿಮಾದವರು ಬಂದರೆಂದು ಮೊದಲು ಕೂಗೆಬ್ಬಿಸಿದ ಗ್ರಾಮಸ್ಥನೇ ಕ್ರಮೇಣ ತಂಡದ ಸ್ನೇಹಿತನಾದ. ಕದ್ದು ನೋಡುವವನನ್ನು ಬೀದಿ ಸಂಶಯಿಸುತ್ತದೆ. ನಕ್ಕು, ಅನುಮತಿ ಕೇಳಿ, ತನ್ನ ಕೆಲಸದಲ್ಲಿ ತೊಡಗಿದವನನ್ನು ಬಹುಬೇಗ ಮರೆಯುತ್ತದೆ.

1955ರಲ್ಲಿ ತೆರೆಕಂಡ ಆ ಚಿತ್ರ ಲೋಕಪ್ರಸಿದ್ಧವಾಯಿತು. ಇಂದು ಕ್ಯಾಮೆರಾ ಜೇಬಿನ ಫೋನಿನಲ್ಲಿಯೇ ಅಡಗಿದೆ. ಸಂಕೋಚ ಮಾತ್ರ ಹಳೆಯದೇ. ಅದಕ್ಕೆ ಮದ್ದೂ ಹಳೆಯದೇ: ದಾರಿಯ ಮೇಲೆ ನಾಲ್ಕು ಕಡ್ಡಿಗಳು.