ನಡುವೆ ನಿಂತ ಒಟಿಟಿ: ಬೇಕಾ, ಬೇಡ್ವಾ?

ಕಥೆ ಮಾಡೋರು ಈ ಕಡೆ, ನೋಡೋ ನಾವು ಆ ಕಡೆ. ಮಧ್ಯ ನಿಂತಿರೋ ಒಟಿಟಿ ಮಾಡೋದಾದ್ರೂ ಏನು?

ಉತ್ತರ ನಮ್ಮದೇ ಒಂದು ಕನ್ನಡ ಸೀರೀಸ್‌ನಲ್ಲಿದೆ. ಹೆಸರು ‘ಏಕಂ’. ಕರಾವಳಿಯ ಏಳು ಕಥೆಗಳು. ಜೊತೆ ನಿಂತವರು ನಟ ರಕ್ಷಿತ್ ಶೆಟ್ಟಿ. ಒಟಿಟಿಗಳು ಆಸಕ್ತಿ ತೋರಿಸಲಿಲ್ಲ. 2024ರ ಜುಲೈನಲ್ಲಿ ತಂಡ ತನ್ನದೇ ವೆಬ್‌ಸೈಟ್ ಕಟ್ಟಿ ಬಿಡುಗಡೆ ಮಾಡಿತು.

ಹಾಗೆ ಸ್ವಂತ ಅಂಗಡಿ ತೆರೆದ್ರೆ ಏನೇನು ಹೊರಬೇಕು ಗೊತ್ತಾ?

ಎಲ್ಲರೂ ಒಟ್ಟಿಗೆ ಬಂದ್ರೂ ಕುಸಿಯದ ಸರ್ವರ್. ನೆಟ್ ನಿಧಾನ ಆದ್ರೆ, ನಿಲ್ಲದೆ ತಾನಾಗೇ ಗುಣಮಟ್ಟ ತಗ್ಗಿಸಿಕೊಳ್ಳೋ ವಿಡಿಯೋ. ಇಲ್ಲಿಯ ಯುಪಿಐ, ಅಮೆರಿಕದ ಕನ್ನಡಿಗನ ಕಾರ್ಡ್, ಎರಡನ್ನೂ ತಗೊಳ್ಳೋ ವ್ಯವಸ್ಥೆ. ಪೈರಸಿ ವಿರುದ್ಧ ಬೀಗ. ಪಾಸ್‌ವರ್ಡ್ ಮರೆತವರಿಗೆ ಸಹಾಯ.

ದೊಡ್ಡ ಒಟಿಟಿ ಇದನ್ನೆಲ್ಲ ಒಮ್ಮೆ ಕಟ್ಟಿ, ಆ ಖರ್ಚನ್ನ ಸಾವಿರಾರು ಸಿನಿಮಾಗಳ ಮೇಲೆ ಹಂಚುತ್ತೆ. ಅದಕ್ಕಿಂತ ದೊಡ್ಡ ಲಾಭ ಇನ್ನೊಂದಿದೆ: ಯಾವುದೋ ಹಿಂದಿ ಸಿನಿಮಾಗೆ ಬಂದವನ ಕಣ್ಣಿಗೆ, ಸಬ್‌ಟೈಟಲ್ ಸಮೇತ, ಕನ್ನಡದ ಕಥೆಯೂ ಬೀಳಬಹುದು. ಮಧ್ಯವರ್ತಿಯ ನಿಜವಾದ ಬೆಲೆ ಇದು.

ಆದ್ರೆ ದಾರಿ ತೋರಿಸೋನೇ ಬಾಗಿಲನ್ನೂ ಕಾಯ್ತಾನೆ. ಕನ್ನಡಕ್ಕೆ ನೋಡುಗರಿಲ್ಲ ಅಂತ ಅವನ ಲೆಕ್ಕ ಹೇಳಿದ್ರೆ, ಒಳ್ಳೆ ಕಥೆಯೂ ಹೊರಗೇ ಉಳಿಯುತ್ತೆ.

ಆ ಲೆಕ್ಕ ಬದಲಿಸೋ ಶಕ್ತಿ ನಮ್ಮ ಕೈಯಲ್ಲಿದೆ. ಕನ್ನಡ ಹುಡುಕಿ. ಪೂರ್ತಿ ನೋಡಿ. ಸ್ವಂತ ದಾರಿ ಕಟ್ಟಿದವರಿಗೆ ದುಡ್ಡು ಕೊಟ್ಟು ನೋಡಿ. ನೋಡುಗ ಗಟ್ಟಿಯಾದ್ರೆ, ಬಾಗಿಲು ತೆರೆದೇ ತೆರೆಯುತ್ತೆ.