ತುತ್ತಿನ ಸಂಗ್ರಾಮ

ನೆರೆಮನೆಯ ಜಗಲಿಯ ಮೇಲೆ ನಿತ್ಯವೂ ಸಾಯಂಕಾಲ ನಡೆಯುವ ಸಂಗ್ರಾಮವೊಂದನ್ನು ಬಹುಕಾಲದಿಂದ ನೋಡುತ್ತಲಿದ್ದೇನೆ: ಒಂದೂವರೆ ವರ್ಷದ ಹುಡುಗನು ತೊಡೆಯ ಮೇಲೆ ಕೈಕಾಲು ಬಡಿಯುತ್ತಿರಲು, ಅವನ ಅಜ್ಜಿಯವರು ಕಾಗೆಯನ್ನೂ ಗುಮ್ಮನನ್ನೂ ಒಂದೇ ಉಸಿರಿನಲ್ಲಿ ಕರೆಯುತ್ತ, ಅವನು ಅಳುವುದಕ್ಕೆಂದು ಬಾಯ್ದೆರೆದ ಕ್ಷಣವನ್ನೇ ಸಾಧಿಸಿ ಮೊಸರನ್ನದ ತುತ್ತನ್ನು ಒಳಕ್ಕೆ ತುರುಕುವರು; ಅವನಾದರೋ ಅದನ್ನು ಕೆನ್ನೆಯೊಳಗೆ ಬಹಳ ಹೊತ್ತು ಠೇವಣಿಯಿಟ್ಟು, ಕಡೆಗೆ ಅವರ ಸೆರಗಿಗೇ ಹಿಂದಿರುಗಿಸುವನು.

ಬಲವಂತ ಮಾಡದಿದ್ದರೆ ಮಗು ಉಣ್ಣದು, ಉಣ್ಣದಿದ್ದರೆ ಬೆಳೆಯದು ಎಂಬುದು ಅವರ ತರ್ಕ. ಇದನ್ನು ತಕ್ಕಡಿಯಲ್ಲಿಟ್ಟು ನೋಡಿದವರು ವಿರಳ. 3 ಕಿಲೋ ತೂಗುತ್ತ ಹುಟ್ಟಿದ ಶಿಶುವು ಮೊದಲ ವರ್ಷದಲ್ಲಿ ಸುಮಾರು 6 ಕಿಲೋ ಹೆಚ್ಚಿದರೆ, ಎರಡನೆಯ ವರ್ಷದಲ್ಲಿ ಹೆಚ್ಚುವುದು 2, 2.5 ಕಿಲೋ ಮಾತ್ರ. ಬೆಳವಣಿಗೆಯ ವೇಗವೇ ಇಳಿದ ಮೇಲೆ ಹಸಿವೂ ಇಳಿಯುವುದು ಪ್ರಕೃತಿಧರ್ಮವೇ ಹೊರತು ರೋಗವಲ್ಲ. ಅಮೆರಿಕೆಯ ಮಕ್ಕಳ ವೈದ್ಯೆ ಕ್ಲಾರಾ ಡೇವಿಸ್, ಆಗತಾನೆ ಮೊಲೆಹಾಲು ಬಿಟ್ಟ 15 ಮಕ್ಕಳಿಗೆ 34 ಪದಾರ್ಥಗಳ ಪಟ್ಟಿಯಿಂದ ಹೊತ್ತುಹೊತ್ತಿಗೂ ಬಡಿಸಿ, ತಿನ್ನೆಂದು ಯಾರೂ ಒತ್ತಾಯಿಸದಂತೆ ಕಾಯ್ದು, 1939ರಲ್ಲಿ ವರದಿ ಮಾಡಿದುದಿಷ್ಟೇ: ಇಂದೊಂದು ನಾಳೆಯೊಂದು ಎಂದು ಮನಬಂದಂತೆ ತಿಂದ ಆ ಮಕ್ಕಳು ಸೊಗಸಾಗಿಯೇ ಬೆಳೆದರು. (ಪಟ್ಟಿಯಲ್ಲಿ ಸಕ್ಕರೆಯಿರಲಿಲ್ಲವೆಂಬುದನ್ನು ಮರೆಯತಕ್ಕದ್ದಲ್ಲ.) ಏನನ್ನು, ಯಾವಾಗ ಬಡಿಸಬೇಕೆಂಬುದು ಹಿರಿಯರ ಅಧಿಕಾರ, ಎಷ್ಟು ಉಣ್ಣಬೇಕೆಂಬುದು ಮಗುವಿನದು. ಅರ್ಧ ಗಂಟೆಯಾದೊಡನೆ ಗದ್ದಲವಿಲ್ಲದೆ ತಟ್ಟೆ ಎತ್ತಿಡುವುದಕ್ಕೆ ಬೇಕಾದ ಧೈರ್ಯ ಮಾತ್ರ ನಮ್ಮಲ್ಲಿಲ್ಲ. ಅಳುವ ಮಗುವಿಗೆ ತುರುಕಿದ ಅನ್ನ ಶ್ವಾಸನಾಳಕ್ಕೂ ಇಳಿದೀತೆಂಬ ಭಯವೂ ಇಲ್ಲ.

ಒಮ್ಮೆ ಉಗುಳಿದ ಪಲ್ಯವನ್ನು 'ಇವನಿಗೆ ಸೇರದು' ಎಂದು ತೀರ್ಮಾನಿಸುವವರು ಹತ್ತು ಹದಿನೈದು ಬಾರಿ ಮುಂದಿಟ್ಟು ನೋಡಿರಲಾರರು. 'ಹಾಲಾದರೂ ಕುಡಿಯುತ್ತಾನಲ್ಲ' ಎನ್ನುವವರಿಗೆ, ದಿನಕ್ಕೆ ಲೀಟರಿನಷ್ಟು ಹಾಲೇ ಹಸಿವನ್ನು ನುಂಗಿ ರಕ್ತಹೀನತೆಗೂ ದಾರಿಯಾದೀತೆಂಬುದು ತೋಚದು. ತೂಕ ಇಳಿಯುತ್ತಿದ್ದರೆ, ನುಂಗುವಾಗ ಕೆಮ್ಮು ಬರುತ್ತಿದ್ದರೆ ಮಾತು ಬೇರೆ, ವೈದ್ಯರಲ್ಲಿಗೇ ಹೋಗಬೇಕು.

ಆದರೆ ನಮ್ಮ ಜನಕ್ಕೆ ತಕ್ಕಡಿಗಿಂತ ಮೆಣಸಿನಕಾಯಿಯಲ್ಲಿ ವಿಶ್ವಾಸ ಹೆಚ್ಚು. ಒಲೆಗೆ ಹಾಕಿದ್ದು ಘಾಟು ಬಾರದಿದ್ದರೆ ದೃಷ್ಟಿಯಾಗಿತ್ತೆಂದೂ, ಬಂದರೆ ಇನ್ನೊಮ್ಮೆ ನಿವಾಳಿಸಬೇಕೆಂದೂ ವಾದಿಸುವವರನ್ನು ಗೆಲ್ಲುವುದೆಂತು? ಮೊನ್ನೆ ಅಜ್ಜಿಯವರು ಉಪ್ಪು ಮೆಣಸಿನಕಾಯಿ ತರಲು ಒಳಗೆ ಹೋದೊಡನೆ, ಹುಡುಗನು ತಟ್ಟಾಡುತ್ತ ತಾತನ ತಟ್ಟೆಯ ಬಳಿಗೆ ನಡೆದು, ದೋಸೆಯ ಅಂಚನ್ನು ತಾನೇ ಮುರಿದು ಬಾಯಿಗಿಟ್ಟು ಅಗಿಯತೊಡಗಿದನು.

"ನೋಡಿದಿರಾ," ಎಂದರು ಹಿಂದಿರುಗಿದ ಅಜ್ಜಿ, "ಮೆಣಸಿನಕಾಯಿ ಕೈಗೆತ್ತಿಕೊಂಡದ್ದಕ್ಕೇ ಇಳಿದುಹೋಯಿತು!"