ರಾಜಿಗೆ ಬೇಕು, ರಾಜಕೀಯಕ್ಕೆ ಬೇಡ

2023ರ ಮಾರ್ಚ್ 2ರಂದು ನಾಗಾಲ್ಯಾಂಡ್ ವಿಧಾನಸಭೆಯ ಮತ ಎಣಿಕೆ ನಡೆದಾಗ ಪಶ್ಚಿಮ ಅಂಗಾಮಿ ಕ್ಷೇತ್ರದಲ್ಲಿ ಸಾಲ್ಹೌತುವೊನುವೊ ಕ್ರೂಸೆ ಗೆದ್ದದ್ದು ಏಳೇ ಏಳು ಮತಗಳಿಂದ. ಅದೇ ದಿನ ದಿಮಾಪುರ-3 ಕ್ಷೇತ್ರದಲ್ಲಿ ವಕೀಲೆ ಹೆಕಾನಿ ಜಖಾಲು ಕೂಡ ಗೆದ್ದರು. 1963ರ ಡಿಸೆಂಬರ್ 1ರಂದು ರಾಜ್ಯವಾದ ನಾಗಾಲ್ಯಾಂಡಿಗೆ ಇವರೇ ಮೊದಲ ಶಾಸಕಿಯರು. ಕಣದಲ್ಲಿದ್ದ 183 ಮಂದಿಯಲ್ಲಿ ಹೆಂಗಸರು ನಾಲ್ವರು ಮಾತ್ರ. ಆದರೆ ಲೋಕಸಭೆಗೆ 1977ರಲ್ಲೇ ರಾನೊ ಶೈಜಾ ಗೆದ್ದು ಹೋಗಿದ್ದರು. ಊರಿನ ಸಭೆಗಿಂತ ದಿಲ್ಲಿಯ ಸಭೆಯೇ ಹೆಣ್ಣಿಗೆ ಹತ್ತಿರವಾದದ್ದು ವಿಚಿತ್ರ.

ಇಷ್ಟು ಓದಿ, ನಾಗಾ ಹೆಂಗಸರೆಂದರೆ ಮನೆಯ ಮೂಲೆ ಹಿಡಿದು ಕೂತವರು ಎಂದುಕೊಂಡರೆ ಎಡವುತ್ತೇವೆ. ಕೊಹಿಮಾದ ಮಾರುಕಟ್ಟೆಯಲ್ಲಿ ವ್ಯಾಪಾರ ಅವರದು. ಬಂದೂಕು ಹಿಡಿದವರ ಎದುರು ಹೋಗಿ ‘ಸಾಕು ನಿಲ್ಲಿಸಿ’ ಎಂದವರೂ ಅವರೇ. ನಾಗಾ ಮದರ್ಸ್ ಅಸೋಸಿಯೇಷನ್ ಹುಟ್ಟಿದ್ದು 1984ರಲ್ಲಿ. ಮೊದಮೊದಲು ಅದರ ಕೆಲಸ ಕುಡಿತ, ಮಾದಕವಸ್ತುಗಳ ವಿರುದ್ಧ. ಚಟಕ್ಕೆ ಬಿದ್ದ ಹುಡುಗರನ್ನು ದಾರಿಗೆ ತರುವುದು, ಎಚ್‌ಐವಿ ತಗುಲಿದವರನ್ನು ನೋಡಿಕೊಳ್ಳುವುದು, ಹೀಗೆ ಮನೆ ಉಳಿಸುವ ಕೆಲಸ. ಆದರೆ ಆ ಕಾಲದ ನಾಗಾಲ್ಯಾಂಡಿನಲ್ಲಿ ಮಕ್ಕಳನ್ನು ಕೊಲ್ಲುತ್ತಿದ್ದದ್ದು ಚಟವೊಂದೇ ಅಲ್ಲ. ಒಂದು ಕಡೆ ಸೇನೆ ಮತ್ತು ಬಂಡುಕೋರರ ನಡುವಿನ ಕಾಳಗ. ಇನ್ನೊಂದು ಕಡೆ 1988ರಲ್ಲಿ ಎನ್‌ಎಸ್‌ಸಿಎನ್ ಎಂಬ ಬಂಡುಕೋರ ಸಂಘಟನೆ ಐಸಾಕ್-ಮುಯಿವಾ ಬಣ, ಖಾಪ್ಲಾಂಗ್ ಬಣ ಎಂದು ಒಡೆದ ಮೇಲೆ ನಾಗಾಗಳೇ ನಾಗಾಗಳನ್ನು ಕೊಲ್ಲತೊಡಗಿದ್ದರು. ಯಾರು ಯಾವ ಬಣದವರೆಂದು ಹೇಳುವುದಕ್ಕೂ ಜನ ಹೆದರುತ್ತಿದ್ದ ಕಾಲ ಅದು.

1994ರಲ್ಲಿ ಈ ತಾಯಂದಿರು ‘ಇನ್ನು ರಕ್ತ ಹರಿಸಬೇಡಿ’ ಎಂಬ ಅಭಿಯಾನ ಶುರುಮಾಡಿದರು. ಇದರಲ್ಲಿ ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸುವುದು ಭಾಷಣವೂ ಅಲ್ಲ, ಮೆರವಣಿಗೆಯೂ ಅಲ್ಲ. ಸತ್ತವನು ಯಾವ ಬಣದವನೇ ಆಗಲಿ, ವಾರಸುದಾರರಿಲ್ಲದ ಹೆಣವೇ ಆಗಲಿ, ಮೇಲೊಂದು ಶಾಲು ಹೊದಿಸಿ ಮರ್ಯಾದೆಯಿಂದ ಕಳಿಸಿಕೊಡುವ ಪಣ ತೊಟ್ಟರಲ್ಲ, ಅದು. ನಾಗಾಗಳಲ್ಲಿ ಶಾಲು ಬರೀ ಬಟ್ಟೆಯಲ್ಲ. ಅದರ ಬಣ್ಣ, ಪಟ್ಟೆ ನೋಡಿ ತೊಟ್ಟವರ ಬುಡಕಟ್ಟು, ಅಂತಸ್ತು ತಿಳಿಯುತ್ತದೆ. ದ್ರೋಹಿ ಎಂದು ಕೊಂದು ಎಸೆದವನಿಗೂ ಅದನ್ನು ಹೊದಿಸುವುದೆಂದರೆ ‘ಇವನೂ ನಮ್ಮವನೇ’ ಎಂದು ಊರ ನಡುವೆ ನಿಂತು ಹೇಳಿದ ಹಾಗೆ. ಬಂದೂಕಿನ ನೆರಳಲ್ಲಿ ಹಾಗೆ ಹೇಳುವುದಕ್ಕೆ ಎಂಟೆದೆ ಬೇಕು.

ಮುಂದೆ ಅವರು ಎರಡೂ ಬಣಗಳ ನಾಯಕರನ್ನು ಹುಡುಕಿಕೊಂಡು ಹೋದರು. ಖಾಪ್ಲಾಂಗ್ ಬಣದವರೊಂದಿಗೆ ಮಾತಾಡಲು ಮ್ಯಾನ್ಮಾರ್ ಗಡಿಯ ಕಾಡುದಾರಿ ಹಿಡಿದರು. 1997ರಲ್ಲಿ ಕೇಂದ್ರ ಸರ್ಕಾರ ಮತ್ತು ಐಸಾಕ್-ಮುಯಿವಾ ಬಣದ ನಡುವೆ ಕದನವಿರಾಮ ಬಂತು. ಅದನ್ನು ಇವರೇ ತಂದರು ಎಂದರೆ ಅತಿಶಯವಾದೀತು. ಚರ್ಚು, ಬುಡಕಟ್ಟು ಸಂಘಟನೆಗಳು, ವಿದ್ಯಾರ್ಥಿಗಳು ಎಲ್ಲರ ಒತ್ತಡವೂ ಅದರ ಹಿಂದಿತ್ತು. ಆದರೆ ಎರಡೂ ಕಡೆ ಹೋಗಿ ಬಯ್ದು ಬರುವ ಸಲುಗೆ ಇದ್ದದ್ದು ಈ ಹೆಂಗಸರಿಗೆ. ಸಂಘವನ್ನು ಕಟ್ಟಿ ಬೆಳೆಸಿದವರಲ್ಲಿ ಒಬ್ಬರಾದ ನೈಡೊನುವೊ ಅಂಗಾಮಿಯವರಿಗೆ 2000ದಲ್ಲಿ ಪದ್ಮಶ್ರೀ ಬಂತು.

ಈ ಸಲುಗೆಯ ಬೇರು ಹಳೆಯದು. ಮಣಿಪುರದ ಉಖ್ರುಲ್ ಭಾಗದ ತಾಂಗ್‌ಖುಲ್ ನಾಗಾಗಳಲ್ಲಿ ಒಂದೂರಿನಲ್ಲಿ ಹುಟ್ಟಿ ಇನ್ನೊಂದೂರಿಗೆ ಮದುವೆಯಾಗಿ ಹೋದ ಹೆಣ್ಣಿಗೆ ಫುಖರೈಲಾ ಎಂಬ ಸ್ಥಾನವಿತ್ತು. ಎರಡೂರಿಗೆ ಯುದ್ಧ ಹತ್ತಿದರೆ ಅವಳು ನಡುವೆ ಬಂದು ನಿಲ್ಲಬಹುದಿತ್ತು. ನಿಂತರೆ ಆಯುಧ ಇಳಿಸಬೇಕು, ಅವಳ ಮೈಮುಟ್ಟುವ ಹಾಗಿಲ್ಲ. ಈಟಿಯ ಒಂದು ತುದಿಯಲ್ಲಿ ಗಂಡ, ಇನ್ನೊಂದು ತುದಿಯಲ್ಲಿ ಅಣ್ಣ. ತವರು ಎಂದರೇನೆಂದು ಬಲ್ಲ ಕನ್ನಡದ ಹೆಣ್ಣುಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಆದರೆ ಇಲ್ಲೇ ಗಂಟು ಬಿದ್ದಿರುವುದು. ಅವಳ ಮಾತಿಗೆ ಬೆಲೆ ಬಂದದ್ದು ಅವಳು ಎರಡೂ ಊರಿಗೆ ಪೂರ್ತಿ ಸೇರದವಳು ಎಂಬ ಕಾರಣಕ್ಕೆ. ‘ಕೊಟ್ಟ ಹೆಣ್ಣು ಕುಲಕ್ಕೆ ಹೊರಗು’ ಎಂದು ನಮ್ಮಲ್ಲೂ ಹೇಳುತ್ತಾರಲ್ಲ, ಅದೇ ಲೆಕ್ಕ. ನಾಗಾ ರೂಢಿಯಲ್ಲಿ ಪಿತ್ರಾರ್ಜಿತ ಭೂಮಿ ಹೆಣ್ಣಿಗಿಲ್ಲ. ಊರ ತೀರ್ಮಾನ ಮಾಡುವ ಗ್ರಾಮಸಭೆಯಲ್ಲಿ ತಲೆತಲಾಂತರದಿಂದ ಗಂಡಸರದೇ ಮಾತು. ಹೊರಗಿನವಳಾದ್ದರಿಂದ ಜಗಳ ಬಿಡಿಸಲು ಯೋಗ್ಯಳು, ಹೊರಗಿನವಳಾದ್ದರಿಂದಲೇ ತೀರ್ಮಾನಕ್ಕೆ ಕೂರಲು ಅಯೋಗ್ಯಳು. ‘ತಾಯಿ’ ಎಂಬ ಹೆಸರು ಸಂಘಕ್ಕೆ ಬಂಡುಕೋರರ ಬಿಡಾರದ ಬಾಗಿಲು ತೆರೆಸಿತು. ಆದರೆ ತಾಯಿ ಮತ ಕೇಳಲು ಬರುತ್ತಾಳೆಂದು ಯಾರೂ ಎಣಿಸಿರಲಿಲ್ಲ.

ಕೇಳಿದಾಗ ಏನಾಯಿತು ನೋಡಿ. ಸಂವಿಧಾನದ 74ನೇ ತಿದ್ದುಪಡಿ ನಗರಸಭೆಗಳಲ್ಲಿ ಮೂರರಲ್ಲಿ ಒಂದು ಸ್ಥಾನವನ್ನು ಹೆಂಗಸರಿಗೆ ಮೀಸಲಿಟ್ಟಿತು. (ನಮ್ಮ ರಾಜ್ಯ ಇದಕ್ಕೆ ಕಾದಿರಲಿಲ್ಲ. ಅಬ್ದುಲ್ ನಜೀರ್ ಸಾಬ್ ಸಚಿವರಾಗಿದ್ದ ಕಾಲದ 1983ರ ಕಾಯ್ದೆಯೇ ಪಂಚಾಯ್ತಿಗಳಲ್ಲಿ ಶೇ 25 ಮೀಸಲು ಕೊಟ್ಟು, 1987ರಲ್ಲಿ ಚುನಾವಣೆಯೂ ಆಗಿಹೋಗಿತ್ತು.) ನಾಗಾಲ್ಯಾಂಡ್ 2006ರಲ್ಲಿ ತನ್ನ ಮುನಿಸಿಪಲ್ ಕಾಯ್ದೆಗೆ ಈ ಮೀಸಲಾತಿ ಸೇರಿಸಿತೇ ಹೊರತು ಚುನಾವಣೆ ನಡೆಸಲಿಲ್ಲ. ಬುಡಕಟ್ಟು ಸಂಘಟನೆಗಳ ವಾದ ಇದು: 371ಎ ವಿಧಿ ನಾಗಾಗಳ ರೂಢಿ-ಪದ್ಧತಿಗೆ ರಕ್ಷಣೆ ಕೊಟ್ಟಿದೆ, ಹೆಣ್ಣಿಗೆ ಮೀಸಲಾತಿ ಆ ರೂಢಿಗೆ ವಿರುದ್ಧ. ನಗರಸಭೆ, ಅದರ ತೆರಿಗೆ, ಅದರ ಚರಂಡಿ ಯಾವ ಪೂರ್ವಿಕರ ರೂಢಿಯೋ! ಆ ಪ್ರಶ್ನೆ ಹಾಕಿಕೊಂಡು ರೋಸ್‌ಮೇರಿ ಜುವಿಚು ಮತ್ತು ಸಂಗಾತಿಗಳು ಗುವಾಹಟಿ ಹೈಕೋರ್ಟಿಗೆ, ಅಲ್ಲಿಂದ ಸುಪ್ರೀಂ ಕೋರ್ಟಿಗೆ ಹೋದರು.

ಕೊನೆಗೆ 2017ರ ಫೆಬ್ರುವರಿ 1ಕ್ಕೆ ಚುನಾವಣೆ ಗೊತ್ತಾಯಿತು. ಹಿಂದಿನ ರಾತ್ರಿ ದಿಮಾಪುರದಲ್ಲಿ ಪ್ರತಿಭಟನಾಕಾರರ ಮೇಲೆ ಗುಂಡು ಹಾರಿ ಇಬ್ಬರು ಯುವಕರು ಸತ್ತರು. ಕೊಹಿಮಾದಲ್ಲಿ ನಗರಸಭೆಯ ಕಟ್ಟಡಕ್ಕೇ ಬೆಂಕಿ ಬಿತ್ತು. ಆ ತಿಂಗಳು ಮುಗಿಯುವ ಮೊದಲೇ ಮುಖ್ಯಮಂತ್ರಿ ಟಿ.ಆರ್. ಜೆಲಿಯಾಂಗ್ ರಾಜೀನಾಮೆ ಕೊಟ್ಟರು. ನಾಮಪತ್ರ ಹಾಕಿದವರಿಗೆ ಅವರ ಬುಡಕಟ್ಟುಗಳೇ ಬಹಿಷ್ಕಾರದ ಬೆದರಿಕೆ ಒಡ್ಡಿದವು. ಹೆಣಕ್ಕೆ ಶಾಲು ಹೊದಿಸಿದಾಗ ಕೈಮುಗಿದ ಸಮಾಜವೇ ಹೀಗೆ ತಿರುಗಿ ನಿಂತದ್ದು.

ಇದು ನಾಗಾಗಳ ಮೇಲೆ ಮಾತ್ರ ಹೊರಿಸುವ ದೂರಲ್ಲ. ಶಾಂತಿ ಮಾತುಕತೆಯಲ್ಲಿ ಹೆಂಗಸರಿಗೆ ಪಾಲಿರಬೇಕೆಂದು ವಿಶ್ವಸಂಸ್ಥೆಯ ಭದ್ರತಾ ಮಂಡಳಿ 1325ನೇ ನಿರ್ಣಯ ಮಾಡಿದ್ದು 2000ದ ಅಕ್ಟೋಬರ್‌ನಲ್ಲಿ. 1992ರಿಂದ 2019ರವರೆಗಿನ ಜಗತ್ತಿನ ದೊಡ್ಡ ಶಾಂತಿ ಮಾತುಕತೆಗಳನ್ನು ತೆಗೆದುಕೊಂಡರೆ ಸಂಧಾನಕಾರರಲ್ಲಿ ಹೆಂಗಸರು ಶೇ 13, ಸಹಿ ಹಾಕಿದವರಲ್ಲಿ ಶೇ 6. 2015ರ ಆಗಸ್ಟ್ 3ರಂದು ಕೇಂದ್ರ ಸರ್ಕಾರ ಮತ್ತು ಐಸಾಕ್-ಮುಯಿವಾ ಬಣ ಚೌಕಟ್ಟಿನ ಒಪ್ಪಂದ ಮಾಡಿಕೊಂಡಾಗಲೂ ಸಹಿ ಹಾಕಿದವರೆಲ್ಲ ಗಂಡಸರೇ. ದಿಲ್ಲಿಗೂ ಅದು ಕಣ್ಣಿಗೆ ಚುಚ್ಚಲಿಲ್ಲ.

2023ರ ಮಾರ್ಚಿನಲ್ಲಿ ಮತ್ತೊಂದು ಪ್ರಹಸನ. ಕ್ರೂಸೆ ಸಚಿವೆಯಾಗಿ ಪ್ರಮಾಣವಚನ ತೆಗೆದುಕೊಂಡು ಇನ್ನೂ ತಿಂಗಳಾಗಿರಲಿಲ್ಲ. ನಗರಸಭೆ ಚುನಾವಣೆ ಮೇ 16ಕ್ಕೆ ಎಂದು ಗೊತ್ತಾಗಿತ್ತು. ವಿಧಾನಸಭೆ ಮುನಿಸಿಪಲ್ ಕಾಯ್ದೆಯನ್ನೇ ರದ್ದು ಮಾಡಿಬಿಟ್ಟಿತು. ಸುಪ್ರೀಂ ಕೋರ್ಟ್ ಮಧ್ಯೆ ಬಂದ ಮೇಲೆ ನವೆಂಬರ್‌ನಲ್ಲಿ ಹೊಸ ಕಾಯ್ದೆ ಬಂತು. ಶೇ 33 ಸ್ಥಾನ ಹೆಂಗಸರಿಗೆ ಉಳಿಯಿತು, ಅಧ್ಯಕ್ಷ ಗಾದಿಯ ಮೀಸಲು ಮಾತ್ರ ಕೈಬಿಟ್ಟುಹೋಯಿತು. ಕೂರಲು ಜಾಗ ಕೊಡುತ್ತೇವೆ, ಕುರ್ಚಿ ಮಾತ್ರ ಕೇಳಬೇಡಿ ಎಂಬ ಬಗೆಯ ರಾಜಿ ಇದು. ಅದನ್ನೂ ಒಪ್ಪಿಕೊಂಡು ಹೆಂಗಸರು ಕಣಕ್ಕಿಳಿದರು. 2024ರ ಜೂನ್ 26ರಂದು, ಇಪ್ಪತ್ತು ವರ್ಷಗಳ ಮೇಲೆ, ಮತದಾನ ನಡೆಯಿತು. ಪ್ರತ್ಯೇಕ ರಾಜ್ಯಕ್ಕಾಗಿ ಹಟ ಹಿಡಿದಿದ್ದ ಪೂರ್ವದ ಆರು ಜಿಲ್ಲೆಗಳು ದೂರ ಉಳಿದವು. ಉಳಿದೆಡೆ ಈಗ ನೀರು, ಕಸ, ಬೀದಿದೀಪದ ಚರ್ಚೆಯಲ್ಲಿ ಹೆಂಗಸರ ದನಿಯೂ ಇದೆ.

ಇನ್ನೊಂದು ಸುತ್ತು ಬಾಕಿ ಇದೆ. 2023ರಲ್ಲಿ ಸಂಸತ್ತು ಒಪ್ಪಿದ 106ನೇ ತಿದ್ದುಪಡಿಯ ಮಹಿಳಾ ಮೀಸಲಾತಿ ಜಾರಿಗೆ ಬಂದರೆ ಕೊಹಿಮಾದ ವಿಧಾನಸಭೆಯ 60 ಸ್ಥಾನಗಳಲ್ಲಿ 20 ಹೆಂಗಸರಿಗೆ ಹೋಗಬೇಕು. 371ಎ ಕಡತದ ದೂಳು ಮತ್ತೆ ಕೊಡವುವವರು ಆಗಲೂ ಇದ್ದೇ ಇರುತ್ತಾರೆ.